ಮೂರು ದ್ವೀಪ, ಐದು ದಿನ, ಈಜು ಬಾರದ ಐವರು

ಪ್ರಶ್ನೆ: ನಾವು ದಾವಣಗೆರೆಯವರು. ಈ ದಸರಾ ರಜೆಯಲ್ಲಿ ಐದು ದಿನ ಕಾರಿನಲ್ಲಿ ಕರಾವಳಿ ಕಡೆ ಹೊರಟಿದ್ದೇವೆ. ನನಗೆ 42, ಯಜಮಾನರಿಗೆ 47 (ಬಿಪಿ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ), ಅತ್ತೆಗೆ 68 (ಮಂಡಿ ನೋವು), ಮಗಳಿಗೆ 14, ಮಗನಿಗೆ 8. ಯಾರಿಗೂ ಈಜು ಬರುವುದಿಲ್ಲ. ಮಲ್ಪೆಯ ಸೇಂಟ್ ಮೇರಿಸ್, ಮುರ್ಡೇಶ್ವರದ ನೇತ್ರಾಣಿ, ಕಾರವಾರದ ಕೂರ್ಮಗಡ, ಈ ಮೂರೂ ದ್ವೀಪಗಳನ್ನು ನೋಡಲೇಬೇಕೆಂದು ಮಗಳ ಹಟ. ನೇತ್ರಾಣಿಯಲ್ಲಿ ಸ್ಕೂಬಾ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಇಳಿಯುವುದು) ಬೇರೆ ಮಾಡಬೇಕಂತೆ. ಎರಡನೇ ದಿನ ಸೇಂಟ್ ಮೇರಿಸ್, ಮೂರನೇ ದಿನ ಕಾರವಾರ, ಕೊನೆಯ ದಿನ ಬೆಳಿಗ್ಗೆ ಸ್ಕೂಬಾ ಮುಗಿಸಿ ಹಾಗೇ ಘಟ್ಟ ಹತ್ತಿ ಊರಿಗೆ ಎಂದುಕೊಂಡಿದ್ದೇವೆ. ನಮ್ಮ ಭಾವ "ಗಣೇಶನ ಹಬ್ಬ ಕಳೆದರೆ ಕಡಲು ತಣ್ಣಗಾಗುತ್ತೆ, ಧೈರ್ಯವಾಗಿ ಹೋಗಿ" ಅನ್ನುತ್ತಾರೆ. ನನ್ನ ತಾಯಿ ಮಾತ್ರ ದೋಣಿ ಮಗುಚಿದ ಸುದ್ದಿಗಳನ್ನೆಲ್ಲ ನೆನಪಿಸಿ, ಬೇಡವೇ ಬೇಡ ಅಂತ ಕೂತಿದ್ದಾರೆ. ಮೀನುಗಾರರ ದೋಣಿ ಕಡಿಮೆ ದುಡ್ಡಿಗೆ ಸಿಗುತ್ತದೆ ಎಂದೂ ಕೇಳಿದ್ದೇವೆ. ಹೋಗಬಹುದೇ? ಅತ್ತೆಯವರನ್ನು ದೋಣಿ ಹತ್ತಿಸಬಹುದೇ?

ಉತ್ತರ: ಹೋಗಬಹುದು. ಆದರೆ ಮೂರು ದ್ವೀಪಕ್ಕಲ್ಲ, ನೀವು ಬರೆದ ಕ್ರಮದಲ್ಲೂ ಅಲ್ಲ.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಕರಾವಳಿಯಲ್ಲಿ ಜನರನ್ನು ದೋಣಿ ಹತ್ತಿಸುವುದು, ಇಳಿಸುವುದು, ನೀರಿಗಿಳಿಯುವವರಿಗೆ ತರಬೇತಿ ಕೊಡುವುದು, ಇದೇ ನನ್ನ ಕಸುಬು. ನಿಮ್ಮ ಪತ್ರದ ಹಿಂದಿರುವ ಭಯ ನನಗೆ ಗೊತ್ತು: ನಡುಗಡಲಲ್ಲಿ ದೊಡ್ಡ ಅಲೆ ಬಂದು ದೋಣಿ ಮಗುಚಿದರೆ? ಘಟ್ಟದ ಮೇಲಿನಿಂದ ಬರುವವರೆಲ್ಲ ಇದನ್ನೇ ಕೇಳುತ್ತಾರೆ. ನಾನು ಕಂಡ ಪೆಟ್ಟು, ಮೂಳೆ ಮುರಿತ, ಮುಳುಗಾಟಗಳಲ್ಲಿ ಹೆಚ್ಚಿನವು ಆದದ್ದು ನಡುಗಡಲಲ್ಲಲ್ಲ, ಕಡಲಿನ ಅಂಚಿನಲ್ಲಿ. ದೋಣಿಯಿಂದ ಜೆಟ್ಟಿಗೆ ಕಾಲಿಡುವ ಆ ಒಂದು ಹೆಜ್ಜೆಯಲ್ಲಿ, ಪಾಚಿ ಹಿಡಿದ ಬಂಡೆಯ ಮೇಲೆ, ಮೊಣಕಾಲು ನೀರಿನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವಾಗ, ನದಿ ಕಡಲು ಸೇರುವ ಅಳಿವೆಯ ಬಾಯಲ್ಲಿ. ದೋಣಿ ಹತ್ತುವವರೆಗೆ ಹೆದರಿ, ಇಳಿದ ಮೇಲೆ ಧೈರ್ಯ ಬಂದವರೇ ಹೆಚ್ಚು ಪೆಟ್ಟು ತಿನ್ನುತ್ತಾರೆ.

ಮೊದಲು ಭಾವನವರ ಮಾತು ನೋಡೋಣ. ಅದು ಅವರು ಹುಟ್ಟಿಸಿದ್ದಲ್ಲ, ಅರ್ಧ ನಿಜವೂ ಹೌದು. ನಮ್ಮಲ್ಲಿ ನೂಲ ಹುಣ್ಣಿಮೆಗೆ ಮೊಗವೀರರು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರ ಪೂಜೆ ಮಾಡುತ್ತಾರೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ ಮೀನುಗಾರಿಕೆ ನಿಷೇಧ. ಆಗಸ್ಟಿನಲ್ಲಿ ದೋಣಿಗಳು ಹೊರಟಿದ್ದನ್ನು ಕಂಡವರು ಕಡಲು ತೆರೆಯಿತು ಅನ್ನುತ್ತಾರೆ. ತೆರೆದದ್ದು ನಿಜ, ಯಾರಿಗೆ ಎಂಬುದು ಪ್ರಶ್ನೆ. ಹುಟ್ಟಿದಾಗಿನಿಂದ ಅಲೆ ನೋಡಿದವನಿಗೆ ತೆರೆದ ಕಡಲು ಮಂಡಿ ನೋವಿನ ಅತ್ತೆಗೂ ತೆರೆದಿರಬೇಕೆಂದಿಲ್ಲ. ಪ್ರವಾಸಿ ಬೋಟುಗಳು ಮೀನುಗಾರರಿಗಿಂತ ಒಂದೂವರೆ ಎರಡು ತಿಂಗಳು ತಡವಾಗಿ ಶುರುವಾಗುತ್ತವೆ, ಆ ದಿನವೂ ವರ್ಷದಿಂದ ವರ್ಷಕ್ಕೆ ಹಿಂದೆಮುಂದೆ ಆಗುತ್ತದೆ. ಹಬ್ಬದ ಪಂಚಾಂಗ ಚಂದ್ರನ ಲೆಕ್ಕದಲ್ಲಿ ನಡೆಯುತ್ತದೆ, ಮುಂಗಾರಿಗೆ ಆ ಲೆಕ್ಕ ಗೊತ್ತಿಲ್ಲ. ಹೊರಡುವ ಹಿಂದಿನ ದಿನ ಮಲ್ಪೆಗೆ ಫೋನ್ ಮಾಡಿ ದ್ವೀಪಕ್ಕೆ ಬೋಟ್ ಬಿಟ್ಟಿದ್ದಾರೆಯೇ ಎಂದು ಕೇಳಿದರೆ ನೂರು ಭಾವಂದಿರ ಅಂದಾಜಿಗಿಂತ ಅದು ಮೇಲು.

ದಸರಾ ಹೊತ್ತಿಗೆ ಮಳೆಗಾಲದ ಅಬ್ಬರ ಇಳಿದಿರುತ್ತದೆ. ಆದರೆ ಅಕ್ಟೋಬರ್, ನವೆಂಬರ್ ಅರಬ್ಬಿ ಸಮುದ್ರದ ತೂಫಾನಿನ ತಿಂಗಳುಗಳೂ ಹೌದು. 2019ರ ಅಕ್ಟೋಬರ್ ಕೊನೆಯಲ್ಲಿ, ದೀಪಾವಳಿಯ ಸುಮಾರಿಗೆ ಕ್ಯಾರ್ ಚಂಡಮಾರುತ ಎದ್ದಾಗ ಅದು ದಡಕ್ಕೆ ಬರಲಿಲ್ಲ, ಆದರೂ ನಮ್ಮ ಕಡಲು ದಿನಗಟ್ಟಲೆ ಕುದಿಯಿತು. ಮೇಲೆ ನೀಲಿ ಆಕಾಶವಿದ್ದು ಕೆಳಗೆ ಅಲೆ ಏಳುವುದು ಹೀಗೆ: ಗಾಳಿ ಬೀಸಿದ ಜಾಗ ಬೇರೆ, ಅಲೆ ಬಂದು ಮುಟ್ಟುವ ಜಾಗ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ದಕ್ಷಿಣ ಮಹಾಸಾಗರದಲ್ಲಿ ಎದ್ದ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿ ಬಂದು ಗಾಳಿಯೇ ಇಲ್ಲದ ದಿನ ದಡ ತೊಳೆಯುವುದುಂಟು. ಮಲಯಾಳದವರು ಅದಕ್ಕಿಟ್ಟ ಹೆಸರು ಕಳ್ಳಕ್ಕಡಲ್, ಕಳ್ಳನಂತೆ ಬರುವ ಕಡಲು. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಎತ್ತರದ ಅಲೆಗಳ ಮುನ್ಸೂಚನೆ ಕೊಡುವಾಗ ಈ ಹೆಸರನ್ನೇ ಬಳಸುತ್ತದೆ. ಮಳೆ ಮುನ್ಸೂಚನೆ ನೋಡುವ ಹಾಗೆ ಅಲೆಯ ಮುನ್ಸೂಚನೆಯನ್ನೂ ನೋಡಿ.

ಇನ್ನು ನಿಮ್ಮ ತಾಯಿಯವರ ಭಯ. ಅವರಿಗೆ ನೆನಪಿರುವ ಸುದ್ದಿ ಬಹುಶಃ ಕೂರ್ಮಗಡದ್ದೇ. 2019ರ ಜನವರಿ 21ರಂದು ಅಲ್ಲಿನ ನರಸಿಂಹ ಜಾತ್ರೆಗೆ ಹೋದವರ ದೋಣಿ ಮಗುಚಿ 16 ಜನ ತೀರಿಕೊಂಡರು. ತಿಂಗಳನ್ನು ಗಮನಿಸಿ, ಜನವರಿ. ವರ್ಷದಲ್ಲೇ ಕಡಲು ಸೌಮ್ಯವಾಗಿರುವ ಕಾಲ. ದೋಣಿಯಲ್ಲಿ ಜನ ಕಿಕ್ಕಿರಿದಿದ್ದರು, ಎಲ್ಲರ ಮೈಮೇಲೂ ಲೈಫ್ ಜಾಕೆಟ್ ಇರಲಿಲ್ಲ. ಸಣ್ಣ ದೋಣಿಯಲ್ಲಿ ಜನ ಹೆಚ್ಚಾದಷ್ಟೂ ಅಂಚು ನೀರಿಗೆ ಹತ್ತಿರವಾಗುತ್ತದೆ. ಆಗ ಒಂದು ಸಾಧಾರಣ ಅಲೆ ಒಳಗೆ ನೀರು ಚೆಲ್ಲಿದರೂ ಜನ ಗಾಬರಿಯಿಂದ ಒಂದೇ ಕಡೆ ಸರಿಯುತ್ತಾರೆ. ಆ ಸರಿದಾಟವೇ ದೋಣಿಯನ್ನು ಮಗುಚುತ್ತದೆ. ಡಾಲ್ಫಿನ್ ಕಂಡಿತೆಂದು ಎಲ್ಲರೂ ಒಂದೇ ಬದಿಗೆ ಎದ್ದು ನಿಂತರೂ ಅಷ್ಟೇ.

ಇದೇ ಕಾರಣಕ್ಕೆ ಮೀನುಗಾರರ ದೋಣಿ ಬೇಡ ಅನ್ನುತ್ತೇನೆ. ಅವರ ಕೌಶಲದ ಬಗ್ಗೆ ನನಗೆ ಎರಡು ಮಾತಿಲ್ಲ, ನಾನು ಕಲಿತದ್ದೇ ಅವರಿಂದ. ಆದರೆ ಆ ದೋಣಿ ಮಾಡಿಸಿರುವುದು ಬಲೆ, ಮೀನು ಹೊರಲು. ಹಿಡಿದುಕೊಳ್ಳಲು ಕಂಬಿ ಇರುವುದಿಲ್ಲ, ಮಕ್ಕಳ ಅಳತೆಯ ಜಾಕೆಟ್ ಇರುವುದಿಲ್ಲ, ಪ್ರಯಾಣಿಕರನ್ನು ಒಯ್ಯುವ ಪರವಾನಗಿ ಇಲ್ಲದಿದ್ದರೆ ವಿಮೆಯೂ ನಿಮ್ಮ ನೆರವಿಗೆ ಬರುವುದಿಲ್ಲ. ಪರವಾನಗಿ ಇರುವ ಬೋಟಿನಲ್ಲೂ ಎಷ್ಟು ಜನಕ್ಕೆ ಅನುಮತಿ ಎಂದು ಕೇಳಿ, ಹತ್ತುವಾಗ ತಲೆ ಎಣಿಸಿ. ಹೆಚ್ಚಿದ್ದರೆ ಮುಂದಿನ ಬೋಟಿಗೆ ಕಾಯಿರಿ. ನಾಚಿಕೆ ಪಟ್ಟುಕೊಳ್ಳಬೇಡಿ, ಒಳ್ಳೆಯ ಬೋಟಿನವನು ಇದಕ್ಕೆ ಸಿಟ್ಟಾಗುವುದಿಲ್ಲ.

ಈಗ ದ್ವೀಪಗಳ ಮಾತು. ಒಂದೇ ದ್ವೀಪ ಸಾಕು ಅಂದರೆ ನನ್ನ ಆಯ್ಕೆ ಸೇಂಟ್ ಮೇರಿಸ್. ಮಲ್ಪೆಯಿಂದ ಆರು ಕಿಲೋಮೀಟರ್ ಆಸುಪಾಸು, ಅರ್ಧ ಗಂಟೆಯೊಳಗಿನ ದಾರಿ. ವಾಸ್ಕೊ ಡ ಗಾಮ 1498ರಲ್ಲಿ ಇಲ್ಲಿ ಇಳಿದು ಹೆಸರಿಟ್ಟ ಎಂಬುದು ಪ್ರತೀತಿ. ನಮ್ಮವರು ತೋನ್ಸೆಪಾರ್ ಅನ್ನುತ್ತಾರೆ. ನನಗೆ ಗಾಮನಿಗಿಂತ ಕಲ್ಲಿನ ಕಥೆಯೇ ರುಚಿ. ಅಲ್ಲಿ ನಿಂತಿರುವ ಐದು, ಆರು, ಏಳು ಮುಖದ ಕಂಬಗಳನ್ನು ಗೈಡುಗಳು ಬಸಾಲ್ಟ್ ಅನ್ನುತ್ತಾರೆ, ಭೂವಿಜ್ಞಾನಿಗಳು ರಯೋಲೈಟ್ ಜಾತಿಗೆ ಸೇರಿಸುತ್ತಾರೆ. ಬತ್ತಿದ ಕೆರೆಯ ಕೆಸರು ಬಿರಿಯುವ ಹಾಗೆ, ಲಾವಾ ಆರಿ ಕುಗ್ಗುವಾಗ ಬಿರಿದು ಆದ ಕಂಬಗಳಿವು. ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮ ಅಂಚಿನಿಂದ ಬೇರೆಯಾದ ಕಾಲದ ಗುರುತು. ನಿಮ್ಮ ಮಗಳು ಹೈಸ್ಕೂಲಿನವಳಾದ್ದರಿಂದ ಇದನ್ನು ಹೇಳಿದೆ. ಬಾಯಿಪಾಠದ ಭೂಗೋಳ ಅಲ್ಲಿ ಕೈಗೆ ತಾಗುತ್ತದೆ.

ಅದೇ ಕಂಬಗಳು ಕಾಲನ್ನೂ ಜಾರಿಸುತ್ತವೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ವಿದ್ಯಾರ್ಥಿಗಳು ಈ ದ್ವೀಪದ ಬಂಡೆಗಳ ಬಳಿ ನೀರುಪಾಲಾದರು. ಕಪ್ಪಗೆ ಹೊಳೆಯುವ ಬಂಡೆ ಅಂದರೆ ಅಲೆ ಅಲ್ಲಿಗೆ ಬಂದು ಹೋಗುತ್ತಿದೆ ಎಂದರ್ಥ, ಈ ಹತ್ತು ನಿಮಿಷದಲ್ಲಿ ಬರದೆ ಇರಬಹುದು ಅಷ್ಟೇ. ಒಣಗಿ ಬೂದಿ ಬಣ್ಣಕ್ಕೆ ತಿರುಗಿದ ಕಲ್ಲಿನ ಮೇಲೆ ಮಾತ್ರ ಓಡಾಡಿ, ಕಡಲಿಗೆ ಬೆನ್ನು ಮಾಡಿ ಫೋಟೊಗೆ ನಿಲ್ಲಬೇಡಿ. ಚಪ್ಪಲಿ ಕಳಚಬೇಡಿ, ಚಿಪ್ಪುಗಳು ಪಾದ ಕೊಯ್ಯುತ್ತವೆ. ನೆರಳು ಕಡಿಮೆ. ನೀರು ಜೊತೆಗಿರಲಿ, ಖಾಲಿ ಬಾಟಲಿ ವಾಪಸ್ ತನ್ನಿ.

ಅತ್ತೆಯವರ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಾನೇ ಮಾಡಿದ ಒಂದು ತಪ್ಪು ಹೇಳಬೇಕು. ಕಸುಬಿಗೆ ಇಳಿದ ಹೊಸತರಲ್ಲಿ ಒಬ್ಬರು ಅಜ್ಜಿಯನ್ನು ನಡುಗಡಲು ದಾಟಿಸಿ ಕ್ಷೇಮವಾಗಿ ಕರೆತಂದೆ. ಬರುವಷ್ಟರಲ್ಲಿ ನೀರು ಇಳಿದಿತ್ತು. ಹೋಗುವಾಗ ಜೆಟ್ಟಿಗೆ ಸಮನಾಗಿದ್ದ ದೋಣಿಯ ಅಂಚು ಎರಡು ಮೆಟ್ಟಿಲಿನಷ್ಟು ಕೆಳಗೆ ಹೋಗಿತ್ತು. ಅಲೆಗೆ ದೋಣಿ ಏಳುವಾಗ "ಬನ್ನಿ ಅಮ್ಮ" ಎಂದು ಕೈ ಹಿಡಿದೆಳೆದೆ. ಅವರು ಕಾಲೆತ್ತುವ ಹೊತ್ತಿಗೆ ದೋಣಿ ಇಳಿಯಿತು. ಪಾದದ ಗಂಟು ಉಳುಕಿ ಅವರು ಮೂರು ವಾರ ಮಲಗಿದರು. ಅಂದಿನಿಂದ ಉಬ್ಬರ ಇಳಿತದ ಸಮಯ ನೋಡದೆ ವಯಸ್ಸಾದವರನ್ನು ಹತ್ತಿಸುವುದಿಲ್ಲ. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಯ ಆಚೀಚೆ ನೀರಿನ ಮಟ್ಟ ಒಂದೂವರೆ ಎರಡು ಮೀಟರ್ ಏರಿಳಿಯುತ್ತದೆ. ಬೋಟಿನವರನ್ನು ಎರಡೇ ಪ್ರಶ್ನೆ ಕೇಳಿ: ದ್ವೀಪದಲ್ಲಿ ಇಳಿಸುವುದು ಜೆಟ್ಟಿಗೋ, ನೀರಿಗೋ? ನಡುವೆ ಬೇರೆ ದೋಣಿಗೆ ಬದಲಾಯಿಸಬೇಕೋ? ನೀರಿಗೆ ಇಳಿಸುತ್ತಾರೆ ಅಥವಾ ದೋಣಿ ಬದಲಾಯಿಸಬೇಕು ಅಂದರೆ ಅತ್ತೆಯವರು ಮಲ್ಪೆಯ ದಡದಲ್ಲೇ ಯಾರಾದರೊಬ್ಬರ ಜೊತೆ ಎಳನೀರು ಕುಡಿಯುತ್ತ ಕೂರುವುದು ಒಳ್ಳೆಯದು.

ಅವರನ್ನು ಬಿಟ್ಟು ಹೋದ ಕೊರಗು ಬೇಡ. ಅವರಿಗೆ ಹೊನ್ನಾವರದಲ್ಲಿ ಶರಾವತಿಯ ಹಿನ್ನೀರಿದೆ. ಅಲೆಯಿಲ್ಲದ ನೀರು, ಎರಡೂ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕೂತಲ್ಲೇ ಕೂತು ನೋಡುವ ದೋಣಿ. ಪಕ್ಕದ ಕಾಸರಕೋಡಿನಲ್ಲಿ ಸ್ವಚ್ಛತೆ, ಸುರಕ್ಷತೆಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಡಲತೀರವಿದೆ. ಉಡುಪಿಯ ಹತ್ತಿರ ಕೋಡಿಬೆಂಗ್ರೆಯಲ್ಲಿ ಸುವರ್ಣಾ, ಸೀತಾ ನದಿಗಳು ಕಡಲು ಸೇರುವುದನ್ನು ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ನಡೆದರೆ ಕಾಣಬಹುದು. ಮರವಂತೆಯಲ್ಲಂತೂ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ, ಇಳಿಯುವುದೇ ಬೇಡ. ಆದರೆ ಅಳಿವೆಯಲ್ಲಿ, ಎಂದರೆ ನದಿ ಕಡಲಿಗೆ ಬಾಯಿ ತೆರೆಯುವಲ್ಲಿ, ಯಾರೂ ನೀರಿಗಿಳಿಯಬೇಡಿ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರೂ ಉಬ್ಬರದ ನೀರೂ ಒಟ್ಟಿಗೆ ಹೊರಗೆ ಓಡುತ್ತವೆ. ಮೇಲ್ಮೈ ನುಣ್ಣಗೆ ಕಾಣುತ್ತದೆ, ಕಾಲಡಿಯ ಮರಳು ನಿಲ್ಲುವುದಿಲ್ಲ.

ಬೀಚಿನಲ್ಲೂ ಇಂಥದೇ ಒಂದು ಮೋಸವಿದೆ. "ಸುಳಿ ಬಂದು ಕೆಳಗೆ ಎಳೆದುಕೊಂಡಿತು" ಅನ್ನುತ್ತಾರಲ್ಲ, ಹೆಚ್ಚಿನ ಸಲ ಅದು ಸುಳಿಯಲ್ಲ, ಕೆಳಗೆ ಎಳೆಯುವುದೂ ಇಲ್ಲ. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಲೇಬೇಕು. ಅದು ಮರಳಿನ ದಿಬ್ಬದ ನಡುವೆ ಒಂದು ತಗ್ಗು ಹುಡುಕಿ ತೋಡಿನ ಹಾಗೆ ಹೊರಗೆ ಹರಿಯುತ್ತದೆ. ಆ ತಗ್ಗಿನಲ್ಲಿ ಅಲೆ ಒಡೆಯುವುದಿಲ್ಲ, ಆದ್ದರಿಂದ ಈಜು ಬಾರದವರು "ಇಲ್ಲಿ ಶಾಂತವಾಗಿದೆ" ಎಂದು ಆರಿಸಿಕೊಳ್ಳುವುದೂ ಅದೇ ಜಾಗವನ್ನು. ಸಿಕ್ಕಿಕೊಂಡವರು ದಡದತ್ತ ಹೋರಾಡಿ ಸುಸ್ತಾಗಿ ಮುಳುಗುತ್ತಾರೆ. ತೇಲಿಕೊಂಡು, ಕೈಯೆತ್ತಿ, ದಡಕ್ಕೆ ಸಮಾನಾಂತರವಾಗಿ ಸರಿಯಬೇಕು ಎಂದು ಈಜುಗಾರರಿಗೆ ಹೇಳಿಕೊಡುತ್ತೇವೆ. ನಿಮಗೆ ಒಂದೇ ಮಾತು: ಮೊಣಕಾಲಿನಿಂದ ಮೇಲೆ ನೀರು ಬೇಡ, ಜೀವರಕ್ಷಕರು ನಿಲ್ಲದ ಜಾಗ ಬೇಡ, ಕೆಂಪು ಬಾವುಟ ಕಂಡರೆ ಪಾದವೂ ಬೇಡ. ಮುರ್ಡೇಶ್ವರದಲ್ಲಿ 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಹೋದರು. ಆಗಲೂ ಮಳೆಗಾಲವಲ್ಲ.

ನೇತ್ರಾಣಿಗೆ ಬರೋಣ, ಮಗಳು ಕಾಯುತ್ತಿರಬಹುದು. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್, ಹೋಗಲು ಒಂದೂವರೆ ಗಂಟೆ ಎಂದಿಟ್ಟುಕೊಳ್ಳಿ. ಮೊದಲು ಗೊತ್ತಿರಬೇಕಾದದ್ದು, ಅಲ್ಲಿ ದ್ವೀಪದ ಮೇಲೆ ಕಾಲಿಡುವುದಿಲ್ಲ. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ದ್ವೀಪ ಅದು. ಬೋಟು ಬಂಡೆಯ ಪಕ್ಕ ಲಂಗರು ಹಾಕುತ್ತದೆ, ನೋಡುವುದೆಲ್ಲ ನೀರಿನ ಕೆಳಗೆ: ಹವಳ, ಗಿಳಿಮೀನು, ಚಿಟ್ಟೆಮೀನು. ಡೈವ್ ಮಾಡದವರಿಗೆ ಅಲ್ಲಿ ಮಾಡಲು ಏನೂ ಇಲ್ಲ, ತೂಗಾಡುತ್ತ ವಾಂತಿ ಮಾಡುವುದನ್ನು ಬಿಟ್ಟರೆ. ಓಡುವ ದೋಣಿಗಿಂತ ನಿಂತ ದೋಣಿ ಹೊಟ್ಟೆ ತೊಳಸುತ್ತದೆ. ಹಾಗಾಗಿ ಅತ್ತೆ, ಮಗ ಇಬ್ಬರೂ ಅಲ್ಲಿಗೆ ಬೇಡ. ಮುರ್ಡೇಶ್ವರದ ಗೋಪುರಕ್ಕೆ ಲಿಫ್ಟ್ ಇದೆ, ಅಲ್ಲಿಂದ ಕಡಲು ನೋಡಲಿ.

ಈಜು ಬಾರದವರು ಸ್ಕೂಬಾ ಮಾಡಬಾರದು ಎನ್ನುವುದು ತಪ್ಪು ತಿಳಿವಳಿಕೆ. ಮೊದಲ ಸಲದವರನ್ನು ತರಬೇತಾದ ಒಬ್ಬರು ಹಿಡಿದುಕೊಂಡೇ ಕರೆದೊಯ್ಯುತ್ತಾರೆ, ಗರಿಷ್ಠ ಮಿತಿ 12 ಮೀಟರ್, ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಕನಿಷ್ಠ ವಯಸ್ಸು 10, ಮಗಳಿಗೆ ಅಡ್ಡಿಯಿಲ್ಲ. ಆದರೆ ಅದರಾಚೆಗೆ "ಯಾರು ಬೇಕಾದರೂ ಮಾಡಬಹುದು" ಎಂಬ ಮಾರಾಟದ ಮಾತನ್ನು ನಂಬಬೇಡಿ. ಹತ್ತು ಮೀಟರ್ ಇಳಿದರೆ ಕಿವಿಯ ಮೇಲಿನ ಒತ್ತಡ ಇಮ್ಮಡಿ. ಮೂಗು ಹಿಡಿದು ಗಾಳಿ ಊದಿ ಆ ಒತ್ತಡ ಸರಿದೂಗಿಸಬೇಕು. ಶೀತವಾಗಿದ್ದರೆ ಅದು ಸಾಗುವುದಿಲ್ಲ, ಕಿವಿತಮಟೆ ಹರಿಯಬಹುದು. ಮೂಗು ತೆರೆಯುವ ಮಾತ್ರೆ ನುಂಗಿ ಇಳಿದರೆ ನೀರಿನಡಿ ಅದರ ಶಕ್ತಿ ಮುಗಿದಾಗ ಇನ್ನೂ ಕಷ್ಟ. ನೆಗಡಿ ಬಂದರೆ ರದ್ದು ಮಾಡಿ, ದುಡ್ಡು ಹೋದರೆ ಹೋಗಲಿ.

ಯಜಮಾನರ ಬಿಪಿ ವಿಷಯದಲ್ಲಿ ನಾನು ಹೌದು ಅನ್ನಲಾರೆ. ನೀರಿಗಿಳಿದ ಕೂಡಲೇ ಕೈಕಾಲಿನ ರಕ್ತ ಎದೆಯತ್ತ ಸರಿದು ಹೃದಯದ ಕೆಲಸ ಹೆಚ್ಚುತ್ತದೆ. ಕೆಲವು ಬಿಪಿ ಮಾತ್ರೆಗಳು ಆ ಹೊರೆಗೆ ಹೃದಯ ಸ್ಪಂದಿಸುವುದನ್ನು ತಗ್ಗಿಸುತ್ತವೆ. ಡೈವ್‌ಗೆ ಮುಂಚೆ ಆರೋಗ್ಯದ ಒಂದು ಅರ್ಜಿ ತುಂಬಿಸುತ್ತಾರೆ. ಅಲ್ಲಿ ಬಿಪಿ ಕಾಲಂ ಎದುರು ಜನ ಸಲೀಸಾಗಿ "ಇಲ್ಲ" ಎಂದು ಬರೆಯುವುದನ್ನು ನೋಡಿದ್ದೇನೆ. ಊರಿನಲ್ಲೇ ನಿಮ್ಮ ಡಾಕ್ಟರನ್ನು ಕೇಳಿ, ಅವರು ಬರೆದುಕೊಟ್ಟರೆ ಇಳಿಯಲಿ. ಇಲ್ಲದಿದ್ದರೆ ಜಾಕೆಟ್ ಹಾಕಿಕೊಂಡು ಬೋಟಿನಲ್ಲಿ ಮಗಳ ಬಟ್ಟೆ ಕಾಯಲಿ, ಅದೂ ಒಂದು ಕೆಲಸವೇ.

ನಿಮ್ಮ ಯೋಜನೆಯಲ್ಲಿ ನನಗೆ ತೀರಾ ಕಸಿವಿಸಿ ಮಾಡಿದ್ದು ಕೊನೆಯ ದಿನ ಡೈವ್ ಮುಗಿಸಿ ಘಟ್ಟ ಹತ್ತುವುದು. ನೀರಿನಡಿ ಒತ್ತಡದಲ್ಲಿ ಉಸಿರಾಡಿದಾಗ ಸಾರಜನಕ ರಕ್ತದಲ್ಲಿ ಕರಗುತ್ತದೆ, ಒತ್ತಡ ತಟ್ಟನೆ ಇಳಿದರೆ ಗುಳ್ಳೆಯಾಗಿ ಹೊರಬರುತ್ತದೆ. ಸೋಡಾ ಬಾಟಲಿಯನ್ನು ಮೆಲ್ಲಗೆ ತೆರೆದರೆ ಉಕ್ಕುವುದಿಲ್ಲ, ತಟ್ಟನೆ ತೆರೆದರೆ ಉಕ್ಕುತ್ತದೆ. ಎತ್ತರಕ್ಕೆ ಹೋಗುವುದೆಂದರೆ ಬಾಟಲಿ ಇನ್ನಷ್ಟು ತೆರೆದ ಹಾಗೆ. ಒಂದು ಡೈವ್ ಆದ ಮೇಲೆ ವಿಮಾನ ಹತ್ತಲು 12 ಗಂಟೆ, ಒಂದಕ್ಕಿಂತ ಹೆಚ್ಚಾಗಿದ್ದರೆ 18 ಗಂಟೆ ಕಾಯಬೇಕೆಂಬ ಸಲಹೆ ಇದೆ. ಅದು ಸುಮಾರು 600 ಮೀಟರ್ ಎತ್ತರದಿಂದ ಮೇಲಿನ ಗಾಳಿಯ ಒತ್ತಡಕ್ಕೆ ಅನ್ವಯ. ದಾವಣಗೆರೆ ಆ ಗೆರೆಯ ಮೇಲೇ ಇದೆ, ಬೆಂಗಳೂರಿನವರಂತೂ 900 ದಾಟುತ್ತಾರೆ. ಮಗಳು ಮಾಡುವಂಥ ಕಿರು ಡೈವಿನಲ್ಲಿ ಅಪಾಯ ಸಣ್ಣದು, ಒಪ್ಪುತ್ತೇನೆ. ಆದರೆ ಡೈವನ್ನು ಮೊದಲ ದಿನಗಳಿಗೆ ತಂದರೆ ಅಷ್ಟೂ ಇರುವುದಿಲ್ಲ. ಇನ್ನೊಂದು ಲಾಭವೂ ಇದೆ, ಅಲೆ ಹೆಚ್ಚಿ ಬೋಟು ನಿಂತರೆ ಮರುದಿನ ಕೈಯಲ್ಲಿರುತ್ತದೆ. ಕೊನೆಯ ದಿನಕ್ಕೆ ಕಡಲನ್ನು ಇಟ್ಟುಕೊಂಡವರೇ "ಹೇಗಾದರೂ ಬಿಡಿ" ಎಂದು ಬೋಟಿನವರ ಮೇಲೆ ಒತ್ತಡ ಹಾಕುವುದು.

ಕಾರವಾರ ಈ ಸಲ ಬಿಡಿ. ಮುರ್ಡೇಶ್ವರದಿಂದ ಅದು ಇನ್ನೂ ನೂರು ಕಿಲೋಮೀಟರ್‌ಗೂ ಆಚೆ, ಕೂರ್ಮಗಡಕ್ಕೆ ಸೇಂಟ್ ಮೇರಿಸ್‌ನಂತೆ ಹೋದ ಕೂಡಲೇ ಬೋಟು ಸಿಗುತ್ತದೆಂದು ನಂಬಿ ಹೊರಡುವ ಹಾಗಿಲ್ಲ. ಹತ್ತಿರದ ಅಂಜದೀವ್ ದ್ವೀಪ ನೌಕಾನೆಲೆಯ ಭಾಗ, ಪ್ರವಾಸಿಗರಿಗಲ್ಲ. ಕಾಳಿ ನದಿ, ದೇವಬಾಗ ಇವಕ್ಕೆಂದೇ ಇನ್ನೊಂದು ರಜೆ ಇಟ್ಟುಕೊಳ್ಳಿ.

ಹಾಗಾದರೆ ಕ್ರಮ ಹೀಗಿರಲಿ. ಮೊದಲ ದಿನ ಸಾಗರ ಊರಿನ ಮೇಲಿಂದ ಘಟ್ಟ ಇಳಿದು ಮುರ್ಡೇಶ್ವರ. ಎರಡನೇ ದಿನ ಬೆಳಿಗ್ಗೆ ಮಗಳು ಮತ್ತು ದೊಡ್ಡವರೊಬ್ಬರು ನೇತ್ರಾಣಿಗೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದ್ದು ನೀರು ಕದಡುತ್ತದೆ, ಆದ್ದರಿಂದ ಮೊದಲ ಬೋಟೇ ಲೇಸು. ಮೂರನೇ ದಿನ ಎಲ್ಲರೂ ಹೊನ್ನಾವರದ ಹಿನ್ನೀರಿಗೆ, ಎರಡನೇ ದಿನ ಬೋಟು ಹೋಗದಿದ್ದರೆ ನೇತ್ರಾಣಿಗೆ ಇದೇ ಬದಲಿ ದಿನ. ನಾಲ್ಕನೇ ದಿನ ಮರವಂತೆ ನೋಡಿಕೊಂಡು ಉಡುಪಿ. ಐದನೇ ದಿನ ಬೆಳಿಗ್ಗೆ ಸೇಂಟ್ ಮೇರಿಸ್, ಅದು ತಪ್ಪಿದರೂ ನಷ್ಟವಿಲ್ಲ, ಕೃಷ್ಣಮಠ ಇದೆ. ಮಧ್ಯಾಹ್ನ ಆಗುಂಬೆ ಹತ್ತಿ, ಕತ್ತಲಾಗುವ ಮುಂಚೆ ಘಟ್ಟ ದಾಟಿ.

ಬೋಟಿನ ದಿನ ಖಾಲಿ ಹೊಟ್ಟೆಯಲ್ಲಿ ಹೋದರೆ ವಾಂತಿ ಆಗುವುದಿಲ್ಲ ಎನ್ನುವುದೂ ಸುಳ್ಳು. ಎರಡು ಇಡ್ಲಿ ತಿನ್ನಿ, ಎಣ್ಣೆ ತಿಂಡಿ ಬೇಡ. ಡೀಸೆಲ್ ಹೊಗೆ ತಾಗದ ಕಡೆ, ದೋಣಿಯ ನಡುವಿಗೆ ಕೂತು, ಮೊಬೈಲ್ ಒಳಗಿಟ್ಟು ದೂರದ ಬಾನಂಚು ನೋಡಿ. ವಾಂತಿ ತಡೆಯುವ ಮಾತ್ರೆ ಬೇಕಿದ್ದರೆ ಹತ್ತುವ ಮುಂಚೆಯೇ ತೆಗೆದುಕೊಳ್ಳಬೇಕು, ಹೊಟ್ಟೆ ತೊಳಸಿದ ಮೇಲೆ ಅಲ್ಲ. ಹೆಚ್ಚಿನವು ನಿದ್ದೆ ತರಿಸುತ್ತವೆ, ಆದ್ದರಿಂದ ಡೈವ್ ಮಾಡುವ ಮಗಳಿಗೂ ಬಿಪಿಯ ಯಜಮಾನರಿಗೂ ಡಾಕ್ಟರನ್ನು ಕೇಳದೆ ಕೊಡಬೇಡಿ. ಕೋಸ್ಟ್ ಗಾರ್ಡ್‌ನ 1554, ಕರಾವಳಿ ಕಾವಲು ಪೊಲೀಸರ 1093 ಎರಡನ್ನೂ ಮೊಬೈಲಿನಲ್ಲಿ ಈಗಲೇ ಉಳಿಸಿಕೊಳ್ಳಿ.

ಮಗನ ಲೈಫ್ ಜಾಕೆಟ್ ಬಗ್ಗೆ ಒಂದು ಮಾತು. ದೊಡ್ಡವರ ಜಾಕೆಟ್ ಕೊಟ್ಟು "ಗಟ್ಟಿಯಾಗಿ ಕಟ್ಟಿದರೆ ಸಾಕು" ಅನ್ನುತ್ತಾರೆ, ಸಾಲದು. ಹಾಕಿಸಿದ ಮೇಲೆ ಎರಡೂ ಭುಜದ ಪಟ್ಟಿ ಹಿಡಿದು ಅವನನ್ನು ಮೇಲೆತ್ತಿ ನೋಡಿ. ಜಾಕೆಟ್ ಕಿವಿಯವರೆಗೆ ಬಂದರೆ ನೀರಿನಲ್ಲಿ ಅದು ತಲೆಯಿಂದ ಕಳಚಿಕೊಂಡು ಹೋಗುತ್ತದೆ. ಅವನ ಅಳತೆಯದು ಸಿಗುವವರೆಗೆ ಆ ಬೋಟು ಹತ್ತಬೇಡಿ.